ಏರ್‌ಲಾಕ್‌ನಲ್ಲಿ ಗುಳ್ಳೆ ನಿಂತರೆ ಮನೆಯಲ್ಲಿ ಮಾಡಿದ ಬಿಯರ್ ಕೆಟ್ಟಂತೆಯೇ?

ಅಮೆರಿಕದ ನಿಮ್ಮ ಮನೆಯಲ್ಲಿ ಹುದುಗಲು ಇಟ್ಟ 20 ಲೀಟರ್ ಏಲ್ (ಸ್ವಲ್ಪ ಬೆಚ್ಚಗಿನ ವಾತಾವರಣದಲ್ಲಿ ಹುದುಗುವ ಬಗೆಯ) ಬಿಯರಿನ ಏರ್‌ಲಾಕ್‌ನಲ್ಲಿ (ಒಳಗಿನ ಅನಿಲವನ್ನು ಹೊರಗೆ ಬಿಟ್ಟು ಹೊರಗಿನ ಗಾಳಿಯನ್ನು ತಡೆಯುವ, ಮುಚ್ಚಳದ ಮೇಲಿನ ನೀರಿನ ಕೊಳವೆ) ನಾಲ್ಕನೆಯ ದಿನಕ್ಕೇ ಗುಳ್ಳೆ ನಿಂತಿದೆ, ಬಕೆಟ್ಟಿನ ಒಳಗೋಡೆಗೆ ಕಂದು ಕೆನೆ ಅಂಟಿದೆ ಎಂದು ಬರೆದಿದ್ದೀರಿ. ದಯವಿಟ್ಟು ಅದನ್ನು ಚೆಲ್ಲಬೇಡಿ. ಆ ಕಂದು ಕೆನೆ ನೊರೆಯು ಏರಿ ಇಳಿದ ಗುರುತು. ಯೀಸ್ಟ್, ಪ್ರೋಟೀನು ಮತ್ತು ಹಾಪ್ಸ್ ಹೂವಿನ ಅಂಟು ಸೇರಿ ಒಣಗಿದ್ದು, ಅಷ್ಟೆ. ಹಳೆಯ ರೊಟ್ಟಿಯ ಮೇಲೆ ಬರುವಂಥ ನಯವಾದ ಕೂದಲಿನ ಹಸಿರು ಬೂಷ್ಟು ಕಂಡರೆ ಚಿಂತಿಸಬೇಕು.

ಮುಚ್ಚಳ ಸ್ವಲ್ಪ ಸಡಿಲವಿದ್ದರೂ ಅನಿಲ ಅಲ್ಲಿಂದಲೇ ಹೋಗುವುದರಿಂದ ಗುಳ್ಳೆಯನ್ನು ನಂಬುವಂತಿಲ್ಲ, ನಂಬಬೇಕಾದದ್ದು ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರನ್ನು. ಆರಂಭದಲ್ಲಿ 1.050 ಇದ್ದ ಸಾಂದ್ರತೆ (ನೀರಿನದು 1.000; ಸಕ್ಕರೆ ಹುದುಗಿ ಕಡಿಮೆಯಾದಂತೆ ಇದು ಇಳಿಯುತ್ತದೆ) ಈಗ 1.012ರ ಆಸುಪಾಸಿಗೆ ಇಳಿದು, ಎರಡು ಮೂರು ದಿನ ಅಲ್ಲಿಯೇ ನಿಂತಿದ್ದರೆ ಹುದುಗುವಿಕೆ ಮುಗಿದಿದೆ ಎಂದು ತಿಳಿಯಬಹುದು. ಅಳೆದ ಬಿಯರನ್ನು ಮರಳಿ ಬಕೆಟ್ಟಿಗೆ ಸುರಿಯಬೇಡಿ, ರುಚಿ ನೋಡಿ.

ಸಾಂದ್ರತೆ 1.025ರಲ್ಲೇ ತಡೆದು ನಿಂತಿದ್ದರೆ ಹೆಚ್ಚಾಗಿ ಚಳಿಯೇ ಕಾರಣ. ಚಳಿಗಾಲದಲ್ಲಿ ದೋಸೆಹಿಟ್ಟು ಉಬ್ಬದೆ ಕೂರುವಂತೆ ಯೀಸ್ಟ್ ಕೂಡ ತಣ್ಣನೆಯ ನೆಲಮಾಳಿಗೆಯಲ್ಲಿ ಮಂಕಾಗುತ್ತದೆ. ಬಕೆಟ್ಟನ್ನು 20 ಡಿಗ್ರಿ ಸೆಲ್ಸಿಯಸ್ ಇರುವ ಕೋಣೆಗೆ ತಂದು, ಮುಚ್ಚಳ ತೆರೆಯದೆ, ತಳದ ಯೀಸ್ಟ್ ಮೇಲೇಳುವಷ್ಟು ಮೆಲ್ಲಗೆ ತಿರುಗಿಸಿ, ಒಂದು ವಾರ ಕಾಯಿರಿ. ಅವಸರದಿಂದ ಬಾಟಲಿಗೆ ತುಂಬಿದರೆ ಉಳಿದ ಸಕ್ಕರೆ ಒಳಗೇ ಹುದುಗಿ ಗಾಜು ಸಿಡಿಯಬಹುದು. ಇಡೀ ಕೆಲಸದಲ್ಲಿ ನಿಜವಾದ ಅಪಾಯವೆಂದರೆ ಇದೇ.