ಮೋಶೆಗೆ ಉಗ್ಗಿತ್ತೇ? ಮಾತು ತೊಡರುವವರ ನಾಯಕತ್ವವನ್ನು ಯೆಹೂದಿ ಪರಂಪರೆ ಹೇಗೆ ನೋಡುತ್ತದೆ?

ಮಗಳಿಗೆ ಉಗ್ಗು ಇರುವುದರಿಂದ ತರಗತಿಯ ನಾಯಕಿಯ ಸ್ಥಾನಕ್ಕೆ ನಿಲ್ಲಲು ಹಿಂಜರಿಯುತ್ತಿದ್ದಾಳೆ, ಇಸ್ರಾಯೇಲ್ಯರನ್ನು ಈಜಿಪ್ಟಿನ ದಾಸ್ಯದಿಂದ ಬಿಡಿಸಿದ ಪ್ರವಾದಿ ಮೋಶೆಯೂ ಉಗ್ಗುತ್ತಿದ್ದನೆಂದು ಕೇಳಿದ್ದೇನೆ, ಯೆಹೂದಿಗಳು ಅದನ್ನು ಹೇಗೆ ಅರ್ಥಮಾಡಿಕೊಳ್ಳುತ್ತಾರೆ ಎಂದು ಕೇಳಿದ್ದೀರಿ. ನಾನು ಯೆಹೂದಿಯಲ್ಲ. ಚಿಕ್ಕಂದಿನಿಂದ ಉಗ್ಗುವವನಾದ ಕಾರಣಕ್ಕೇ ಮೋಶೆಯ ಕುರಿತ ಯೆಹೂದಿ ವ್ಯಾಖ್ಯಾನಗಳನ್ನು ಹಲವು ವರ್ಷಗಳಿಂದ ಅನುವಾದಗಳಲ್ಲಿ ಓದುತ್ತ ಬಂದಿದ್ದೇನೆ.

ಬೈಬಲಿನ ವಿಮೋಚನಕಾಂಡದ 4ನೆಯ ಅಧ್ಯಾಯದಲ್ಲಿ, ಆ ಜನರನ್ನು ಬಿಡಿಸಿ ತರಲು ದೇವರು ಕರೆದಾಗ, ಉರಿಯುವ ಪೊದೆಯ ಮುಂದೆ ನಿಂತ ಮೋಶೆ ತಾನು ಮಾತಿನವನಲ್ಲ, ತನ್ನ ಬಾಯಿಯೂ ನಾಲಿಗೆಯೂ ಭಾರವಾಗಿವೆ ಎನ್ನುತ್ತಾನೆ. ಈ 'ಭಾರ'ದ ಅರ್ಥದ ಬಗ್ಗೆ ಒಂದೇ ಮನೆಯ ಇಬ್ಬರು ವಿದ್ವಾಂಸರಲ್ಲಿ ಒಮ್ಮತವಿಲ್ಲ. 11ನೆಯ ಶತಮಾನದ ಫ್ರಾನ್ಸಿನ ವ್ಯಾಖ್ಯಾನಕಾರ ರಾಶಿ ಅವರು ತಮ್ಮ ಕಾಲದ ಫ್ರೆಂಚ್ ಪದವೊಂದನ್ನು ಕೊಟ್ಟು ಇದು ಉಗ್ಗೇ ಎಂದು ಹೇಳಿದರೆ, ಅವರ ಮೊಮ್ಮಗ ರಶ್ಬಾಮ್ ಅವರು, ದೇವರೊಡನೆ ಮುಖಾಮುಖಿಯಾದ ಪ್ರವಾದಿ ಉಗ್ಗುವುದುಂಟೇ ಎಂದು ಪ್ರಶ್ನಿಸಿ, ಎಳೆಯ ವಯಸ್ಸಿನಲ್ಲೇ ಈಜಿಪ್ಟ್ ಬಿಟ್ಟು ಓಡಿದ್ದರಿಂದ ಅಲ್ಲಿಯ ಭಾಷೆ ಅವನಿಗೆ ಸರಾಗವಾಗಿರಲಿಲ್ಲವೆಂದು ವಿವರಿಸಿದರು. ನನಗೆ ತಾತನ ಮಾತೇ ಸರಿ ಎನಿಸುತ್ತದೆ. ಏಕೆಂದರೆ ದೇವರ ಉತ್ತರದಲ್ಲಿ ಭಾಷೆಯ ಪ್ರಸ್ತಾಪವಿಲ್ಲ; ಮನುಷ್ಯನಿಗೆ ಬಾಯಿ ಕೊಟ್ಟವರು ಯಾರು, ಮೂಕನನ್ನೂ ಕಿವುಡನನ್ನೂ ಕುರುಡನನ್ನೂ ಉಂಟುಮಾಡುವವನು ನಾನಲ್ಲವೇ ಎಂದು ದೇವರು ಕೇಳುತ್ತಾನೆ. ಆದರೂ ಆ ಕ್ಷಣದಲ್ಲಿ ನಾಲಿಗೆಯನ್ನು ವಾಸಿಮಾಡುವುದಿಲ್ಲ. ಅಣ್ಣ ಆರೋನನು ಚೆನ್ನಾಗಿ ಮಾತನಾಡಬಲ್ಲನು, ಅವನು ನಿನಗೆ ಬಾಯಾಗಿರಲಿ ಎನ್ನುತ್ತಾನೆ.

14ನೆಯ ಶತಮಾನದಲ್ಲಿ ಸ್ಪೇನಿನ ಗಿರೋನಾದ ರಬ್ಬಿ (ಯೆಹೂದಿ ಧರ್ಮಗುರು) ನಿಸ್ಸಿಮ್ ಅವರು ಇದಕ್ಕೆ ಕೊಟ್ಟ ಕಾರಣವೇ ನನಗೆ ಬಹಳ ಹಿಡಿಸಿದ್ದು. ಮೋಶೆ ವಾಗ್ಮಿಯಾಗಿದ್ದಿದ್ದರೆ ಜನರು ಅವನ ಮಾತಿನ ಮೋಡಿಗೆ ಒಲಿದು ಹಿಂಬಾಲಿಸಿದರೆಂದು ಮುಂದಿನವರು ಹೇಳಬಹುದಿತ್ತು. ಹಾಗೆನ್ನಲು ಆಸ್ಪದವೇ ಇರಬಾರದೆಂದು ಅವನಿಗೆ ವಾಕ್ಚಾತುರ್ಯವನ್ನು ಕೊಡಲಿಲ್ಲ ಎಂಬುದು ಅವರ ವಾದ. ಮುಂದಿನ ಕಥೆಯನ್ನು ಇದರೊಂದಿಗೆ ಇಟ್ಟು ಓದಿ. ಮೋಶೆ ಬೆಟ್ಟದ ಮೇಲಿದ್ದಾಗ ಜನರ ಒತ್ತಾಯಕ್ಕೆ ಮಣಿದು ಪೂಜೆಗೆಂದು ಚಿನ್ನದ ಕರುವನ್ನು ಮಾಡಿಕೊಟ್ಟವನು, ಚೆನ್ನಾಗಿ ಮಾತನಾಡಬಲ್ಲ ಆರೋನನೇ. ಅದಕ್ಕೆ ಕೋಪಗೊಂಡು ಆ ಜನರನ್ನು ನಾಶಮಾಡಹೊರಟ ದೇವರೊಡನೆ, ಅವರನ್ನು ಉಳಿಸಬೇಕೆಂದು ವಾದಿಸಿದವನು ನಾಲಿಗೆ ಭಾರವಾದ ಮೋಶೆ. ಆಗ ಪಕ್ಕದಲ್ಲಿ ಆರೋನನೂ ಇರಲಿಲ್ಲ. ಅಕ್ಕ ಮಿರ್ಯಾಮಳಿಗೆ ಚರ್ಮರೋಗ ಬಂದಾಗ ಅವನು ಮಾಡಿದ ಪ್ರಾರ್ಥನೆಯಲ್ಲಿ ಹೀಬ್ರೂ ಭಾಷೆಯ ಐದೇ ಪದಗಳಿವೆ, ಅವೂ ಪುಟ್ಟ ಪುಟ್ಟ ಪದಗಳು. ಉಗ್ಗುವವರಿಗೆ ಅಷ್ಟರ ಬೆಲೆ ಚೆನ್ನಾಗಿ ಗೊತ್ತು.

ಪರಂಪರೆಯಲ್ಲಿ ಎಲ್ಲವೂ ಇಷ್ಟು ಮೃದುವಾಗಿಲ್ಲ ಎಂಬುದನ್ನು ಮರೆಮಾಚಲಾರೆ. ಹೀಬ್ರೂವಿನ ಆಲೆಫ್ ಮತ್ತು ಅಯಿನ್ ಅಕ್ಷರಗಳನ್ನು ಬೇರ್ಪಡಿಸಿ ಉಚ್ಚರಿಸಲಾಗದವರನ್ನು ಪ್ರಾರ್ಥನೆ ನಡೆಸಲು ನಿಲ್ಲಿಸಬಾರದೆಂದು ಯೆಹೂದಿ ಧರ್ಮನಿಯಮಗಳ ಚರ್ಚೆಯ ಪ್ರಾಚೀನ ಗ್ರಂಥವಾದ ತಾಲ್ಮುದ್ ಹೇಳುತ್ತದೆ. ಅಲ್ಲಿ ಒಬ್ಬನ ಉಚ್ಚಾರಣೆ ಇಡೀ ಸಭೆಯ ಪರವಾಗಿ ನಿಲ್ಲಬೇಕಾದ್ದರಿಂದ ಆ ನಿಯಮ ಬಂದಿದೆ; ಮುಂದಾಳಾಗುವುದಕ್ಕೆ ಅದು ಅಡ್ಡಿಯಲ್ಲ ಎಂದೇ ನಾನು ತಿಳಿದಿದ್ದೇನೆ. ಬೈಬಲಿನ ಪರಮಗೀತೆಯ ಮೇಲಿನ ಮಿದ್ರಾಶ್‌ನಲ್ಲಂತೂ (ಹಳೆಯ ಯೆಹೂದಿ ವ್ಯಾಖ್ಯಾನದಲ್ಲಿ), ಓದು ಬಾರದವನೊಬ್ಬ 'ಪ್ರೀತಿಸು' ಎಂಬುದನ್ನು ತಪ್ಪಾಗಿ 'ದ್ವೇಷಿಸು' ಎಂದು ಓದಿದರೂ ದೇವರು ಅವನ ಆ ತಪ್ಪೂ ತನಗೆ ಪ್ರಿಯ ಎನ್ನುತ್ತಾನೆ.

ನಿಮ್ಮ ಮಗಳ ವಿಷಯಕ್ಕೆ ಬಂದರೆ, ಮೋಶೆ ತನ್ನ ತೊಡಕನ್ನು ಬೇರೆಯವರು ಎತ್ತಿ ಆಡುವ ಮೊದಲೇ ತಾನಾಗಿ ಹೇಳಿಕೊಂಡನೆಂಬುದನ್ನು ಅವಳಿಗೆ ತೋರಿಸಿ. ಭಾಷಣವನ್ನು ಗೆಳತಿಯೊಬ್ಬಳಿಂದ ಓದಿಸಬೇಕೋ, ತಾನೇ ನಿಧಾನವಾಗಿ ಓದಬೇಕೋ ಎಂಬುದನ್ನು ಅವಳೇ ನಿರ್ಧರಿಸಲಿ. ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ ನಾಯಕಿ ಅವಳೇ.