ಗ್ರಾಹಕರ ಪ್ರಶ್ನೋತ್ತರ: ‘ನೋ ರಿಟರ್ನ್’ ಅಂದ ಮಾತ್ರಕ್ಕೆ ಸುಮ್ನಾಗ್ಬೇಡಿ

ಪ್ರಶ್ನೆ: ನಮಸ್ಕಾರ್ರಿ ಸರ್. ತಂಗಿ ಕುಬಸಕ್ಕ (ಸೀಮಂತಕ್ಕ) ಅಂತ ಒಂದು ಆನ್‌ಲೈನ್ ಆ್ಯಪ್‌ನಾಗ ಇಳಕಲ್ ಸೀರಿ ತರ್ಸಿದ್ವಿ. ಕೈಮಗ್ಗದ್ದು, ರೇಷ್ಮಿ ಸೆರಗು ಅಂತ ಬರ್ದಿದ್ರು, 1,850 ರೂಪಾಯಿ. ಬಂದಿದ್ದು ನೋಡಿದ್ರ ಜಾರ್ಕೊಂಡು ಹೋಗೋ ಪಾಲಿಯೆಸ್ಟರ್, ಸೆರಗು ಪ್ರಿಂಟ್ ಹೊಡ್ದಿದ್ದು. ಸೆಲ್ಲರ್ ‘ನೋ ರಿಟರ್ನ್ ಐಟಂ’ ಅಂತಾನ, ಆ್ಯಪ್‌ನವ್ರು ‘ನಾವು ಬರೇ ಪ್ಲಾಟ್‌ಫಾರ್ಮ್ ಮೇಡಂ’ ಅಂತಾರ. ನಮ್ಮನಿಯವ್ರು ಹೋಗ್ಲಿ ಬಿಡು ಅನ್ನಾಕತ್ತಾರ. ಬಿಟ್ಟುಬಿಡ್ಲೇನ್ರಿ?
– ಓದುಗರು, ಗದಗ

ಉತ್ತರ: ಬಿಡ್ಬೇಡಿ ಅಕ್ಕಾವ್ರೇ. ಇಂಥ ಸೆಲ್ಲರ್‌ಗಳು ಬದುಕ್ತಿರೋದೇ ಈ ‘ಹೋಗ್ಲಿ ಬಿಡು’ ಮೇಲೆ, ಎರಡು ಸಾವಿರದೊಳಗಿನ ಸಾಮಾನಿಗೆ ಯಾರೂ ಅಲೆದಾಡಲ್ಲ ಅಂತ ಅವ್ರಿಗೆ ಚೆನ್ನಾಗಿ ಗೊತ್ತು. ಆದ್ರೆ ಕಾನೂನು ನಿಮ್ ಕಡೆಗಿದೆ. 2020ರ ಗ್ರಾಹಕ ರಕ್ಷಣೆ ಇ-ಕಾಮರ್ಸ್ ನಿಯಮಗಳ ಪ್ರಕಾರ ಜಾಹೀರಾತಲ್ಲಿ ಹೇಳಿದ ಹಾಗೆ ಇಲ್ಲದ ವಸ್ತುನ, ನಕಲಿ ಅಥವಾ ಕೆಟ್ಟಿರೋ ವಸ್ತುನ ವಾಪಸ್ ತಗೊಳಲ್ಲ ಅನ್ನೋ ಹಾಗಿಲ್ಲ. ಪೇಜಲ್ಲಿ ‘ನೋ ರಿಟರ್ನ್’ ಅಂತ ಎಷ್ಟು ದಪ್ಪಕ್ಷರದಲ್ಲಿ ಹಾಕಿದ್ರೂ ಅದು ಇಂಥ ಮೋಸಕ್ಕೆ ರಕ್ಷಣೆ ಆಗಲ್ಲ. ಬಣ್ಣ ಇಷ್ಟ ಆಗ್ಲಿಲ್ಲ, ಮನಸ್ಸು ಬದಲಾಯ್ತು ಅನ್ನೋದು ಬೇರೆ ವಿಷ್ಯ, ನಿಮ್ದು ಹಾಗಲ್ಲ.

ಮೊದ್ಲು ಸೀರೆ ಉಟ್ಕೋಬೇಡಿ, ಫಾಲ್ ಹಚ್ಚಿಸ್ಬೇಡಿ, ಟ್ಯಾಗ್ ಕೀಳ್ಬೇಡಿ. ಇಳಕಲ್ ಕೈಮಗ್ಗದ ಸೀರೇಲಿ ಒಡಲಿನ ಹಾಸೇ (ಉದ್ದಕ್ಕೆ ಹಾಕೋ ಎಳೆ) ಬೇರೆ, ಸೆರಗಿನ ರೇಷ್ಮೆ ಹಾಸೇ ಬೇರೆ, ಎರಡನ್ನೂ ಎಳೆ ಎಳೆ ಸೇರಿಸಿ ಕೊಂಡಿ ಹಾಕಿರ್ತಾರೆ. ಸೆರಗು ಶುರುವಾಗೋ ಜಾಗನ ತಿರುವಿ ಹಾಕಿ ನೋಡಿದ್ರೆ ಆ ಜೋಡಣೆ ಬೆರಳಿಗೇ ಸಿಗತ್ತೆ. ನಿಮ್ಗೆ ಬಂದಿರೋದ್ರಲ್ಲಿ ಒಡಲು ಸೆರಗು ಒಂದೇ ಬಟ್ಟೆಯಾಗಿ ಹರ್ಕೊಂಡು ಹೋಗಿ ಮೇಲೆ ಇಳಕಲ್ ಸೆರಗಿನ ತೋಪು ತೆನಿ ಡಿಸೈನ್ ಬರೀ ಪ್ರಿಂಟ್ ಆಗಿದ್ರೆ ಅಷ್ಟೇ ಸಾಕು ಪುರಾವೆ. ಹಿಂದೆ ಮುಂದೆ ಹತ್ತಿರದಿಂದ ಫೋಟೋ ತೆಗೀರಿ. ರೇಷ್ಮೆ ಅನ್ನೋದು ಸುಳ್ಳು ಅಂತ ತೋರಿಸೋಕೆ ಅಂಚಿನಲ್ಲಿ ಬಿಟ್ಕೊಂಡಿರೋ ಒಂದೆಳೆ ಸುಟ್ಟು ವಿಡಿಯೋ ಮಾಡಿ: ರೇಷ್ಮೆ ಆದ್ರೆ ಕೂದ್ಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗತ್ತೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿ ಆಗ್ಬಿಡತ್ತೆ. ಬಟ್ಟೆನ ಮಾತ್ರ ಕತ್ತರಿಸಬೇಡಿ, ಆಮೇಲೆ ನೀವೇ ಹಾಳ್ಮಾಡಿದ್ರಿ ಅಂತಾರೆ. ಹಾಗೇ ಆ್ಯಪ್‌ನಲ್ಲಿ ಆ ಸೀರೆಯ ಪೇಜಿನ ಪೂರ್ತಿ ಸ್ಕ್ರೀನ್‌ಶಾಟ್ ಇವತ್ತೇ ತಗೊಳ್ಳಿ, ಯಾಕಂದ್ರೆ ದೂರು ಹೋದ ತಕ್ಷಣ ‘ರೇಷ್ಮೆ’ ಅಂತಿದ್ದಿದ್ದನ್ನ ‘ಆರ್ಟ್ ಸಿಲ್ಕ್’ (ಕೃತಕ ರೇಷ್ಮೆ) ಅಂತ ತಿದ್ದಿಬಿಡೋ ಸೆಲ್ಲರ್‌ಗಳಿದ್ದಾರೆ.

ಇನ್ಮೇಲೆ ಬರೀ ಫೋನಲ್ಲಿ ಮಾತಾಡ್ಬೇಡಿ, ಫೋನಲ್ಲಿ ಹೇಳಿದ್ದಕ್ಕೆ ನಿಮ್ಮ ಕೈಲಿ ಏನೂ ಉಳಿಯಲ್ಲ. ಆ್ಯಪ್‌ನಲ್ಲಿ ದೂರು ನೋಡ್ಕೊಳ್ಳೋಕೆ ಗ್ರೀವೆನ್ಸ್ ಆಫೀಸರ್ ಅಂತ ಇರ್ತಾರೆ, ಅವ್ರಿಗೆ ಇಮೇಲ್ ಹಾಕಿ. 48 ಗಂಟೆಯೊಳಗೆ ದೂರು ಬಂತು ಅಂತ ತಿಳಿಸ್ಬೇಕು, ಒಂದು ತಿಂಗಳಲ್ಲಿ ಬಗೆಹರಿಸ್ಬೇಕು, ಇದೂ ಅದೇ ನಿಯಮದಲ್ಲಿದೆ. ಜೊತೆಗೆ ಒಂದು ಸಾಲು ಸೇರಿಸಿ: ‘ಈ ಸೆಲ್ಲರ್‌ನ ಹೆಸರು, ಮುಖ್ಯ ಕಚೇರಿ ವಿಳಾಸ, ಇಮೇಲ್ ಕೊಡಿ’ ಅಂತ. ಕೊಂಡವರು ಬರೆದು ಕೇಳಿದ್ರೆ ಪ್ಲಾಟ್‌ಫಾರ್ಮ್ ಕೊಡ್ಲೇಬೇಕು. ‘ನಾವು ಬರೀ ಪ್ಲಾಟ್‌ಫಾರ್ಮ್’ ಅನ್ನೋ ಮಾತು ಇಲ್ಲಿಗೆ ನಿಲ್ಲತ್ತೆ.

ಅದಕ್ಕೂ ಬಗ್ಗದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ಬಹುದು, ದುಡ್ಡು ಕೊಡ್ಬೇಕಿಲ್ಲ. ಅವ್ರು ತೀರ್ಪು ಕೊಡೋ ಕೋರ್ಟ್ ಅಲ್ಲ, ಆದ್ರೆ ನಿಮ್ಮ ದೂರನ್ನ ಕಂಪನಿಗೆ ಕಳಿಸಿ ಉತ್ತರ ಕೇಳ್ತಾರೆ, ಎಷ್ಟೋ ರಿಫಂಡ್ ಇಲ್ಲೇ ಬಂದುಬಿಡತ್ತೆ. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ ಇದ್ದೇ ಇದೆ. ಸೆಲ್ಲರ್ ಸೂರತ್‌ನಲ್ಲಿರ್ಲಿ ದೆಹಲಿಯಲ್ಲಿರ್ಲಿ, 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ನೀವಿರೋ ಗದಗದಲ್ಲೇ ಕೇಸ್ ಹಾಕ್ಬಹುದು. 5 ಲಕ್ಷದವರೆಗಿನ ಖರೀದಿಗೆ ಫೀ ಇಲ್ಲ, ವಕೀಲರು ಬೇಕೇ ಬೇಕು ಅಂತಿಲ್ಲ, ಎರಡು ವರ್ಷದೊಳಗೆ ಹಾಕ್ಬೇಕು ಅಷ್ಟೇ.

ನನಗೆ ಸಿಟ್ಟು ಬರೋದು ಇನ್ನೊಂದು ಕಾರಣಕ್ಕೆ. ಇಳಕಲ್ ಸೀರೆಗೆ ಜಿಐ ಟ್ಯಾಗ್ ಇದೆ, ಅಂದ್ರೆ ಆ ಹೆಸರು ಅಲ್ಲಿನ ನೇಕಾರರದ್ದು. ಎಲ್ಲೋ ಪ್ರಿಂಟ್ ಹೊಡ್ದು ಆ ಹೆಸರಲ್ಲಿ ಮಾರೋರು ನಿಮ್ಮ ದುಡ್ಡಷ್ಟೇ ಅಲ್ಲ, ಮಗ್ಗದ ಮುಂದೆ ದಿನಗಟ್ಟಲೆ ಕೂರೋ ಮನೆಯವರ ಅನ್ನಕ್ಕೂ ಕೈ ಹಾಕ್ತಿದ್ದಾರೆ. ನಿಮ್ಮ ದೂರಲ್ಲಿ ಇದನ್ನೂ ಬರೀರಿ.

ಪ್ರಶ್ನೆ: ಆನ್‌ಲೈನಲ್ಲಿ ಮೊಬೈಲ್ ಆರ್ಡರ್ ಮಾಡಿದ್ದೀನಿ. ಬಾಕ್ಸಲ್ಲಿ ಸೋಪು, ಕಲ್ಲು ಬರತ್ತೆ ಅಂತಾರೆ, ಡೆಲಿವರಿ ಹುಡುಗ ಬಂದಾಗ ಏನ್ ನೋಡ್ಬೇಕು?
– ಓದುಗರು, ತುಮಕೂರು

ಉತ್ತರ: ಓಪನ್ ಬಾಕ್ಸ್ ಡೆಲಿವರಿ ಆಯ್ಕೆ ಇದ್ರೆ ಅದನ್ನೇ ಹಾಕಿ, ಬಾಕ್ಸ್ ತೆಗೆದು ಫೋನ್ ನೋಡೋ ತನಕ ಓಟಿಪಿ ಕೊಡ್ಬೇಡಿ. ಓಟಿಪಿ ಕೊಟ್ರೆ ವಸ್ತು ಸರಿಯಾಗಿ ಸೇರಿತು ಅಂತಲೇ ಅವ್ರ ಲೆಕ್ಕದಲ್ಲಿ ಬರತ್ತೆ. ಆ ಹುಡುಗನ ಮೇಲೆ ರೇಗ್ಬೇಡಿ, ಪ್ಯಾಕ್ ಮಾಡಿದ್ದು ಅವನಲ್ಲ. ಆ ಆಯ್ಕೆ ಇಲ್ಲದಿದ್ರೆ ಲೇಬಲ್ಲು, ಟೇಪು, ನಾಲ್ಕೂ ಬದಿ ಕಾಣೋ ಹಾಗೆ ಶುರುಮಾಡಿ ಫೋನ್ ಆನ್ ಆಗೋವರೆಗೂ ಒಂದೇ ವಿಡಿಯೋ ತೆಗೀರಿ, ಮಧ್ಯೆ ನಿಲ್ಲಿಸ್ಬೇಡಿ, ಎಡಿಟ್ ಮಾಡ್ಬೇಡಿ. ಆಮೇಲೆ ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿ ಬರೋ ಐಎಂಇಐ ನಂಬರ್ (ಪ್ರತಿ ಫೋನಿಗೂ ಬೇರೆ ಇರೋ ಗುರುತಿನ ಸಂಖ್ಯೆ) ಬಾಕ್ಸಿನ ಮೇಲಿನದಕ್ಕೆ, ಬಿಲ್‌ನಲ್ಲಿದ್ರೆ ಅದಕ್ಕೂ ತಾಳೆ ಆಗತ್ತಾ ನೋಡಿ. ಹಳೇ ಫೋನ್‌ನ ಹೊಸ ಬಾಕ್ಸಿಗೆ ಹಾಕಿ ಕೊಡೋ ಮೋಸ ಅಲ್ಲೇ ಸಿಕ್ಕಿಬೀಳತ್ತೆ.

ಪ್ರಶ್ನೆ: ಪಾರ್ಸಲ್ ಒಳಗೆ ಒಂದು ಚೀಟಿ ಇತ್ತು, ‘ಐದು ಸ್ಟಾರ್ ಕೊಟ್ಟು ಸ್ಕ್ರೀನ್‌ಶಾಟ್ ವಾಟ್ಸಾಪ್ ಮಾಡಿ, 100 ರೂಪಾಯಿ ಕ್ಯಾಶ್‌ಬ್ಯಾಕ್’ ಅಂತ. ಕಳಿಸ್ಬಹುದಾ?
– ಓದುಗರು, ಮೈಸೂರು

ಉತ್ತರ: ದಯವಿಟ್ಟು ಬೇಡ. ಗದಗದ ಅಕ್ಕಾವ್ರು ಆ ಸೀರೆ ತಗೊಳ್ಳೋ ಮುಂಚೆ ನಂಬಿದ್ದು ಇಂಥ ಸ್ಟಾರ್‌ಗಳನ್ನೇ ಇರ್ಬೇಕು. ರಿವ್ಯೂ ಹೇಗಿರ್ಬೇಕು ಅಂತ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) 2022ರಲ್ಲಿ ಐಎಸ್ 19000 ಅನ್ನೋ ಮಾನದಂಡ ತಂದಿದೆ, ದುಡ್ಡು ಕೊಟ್ಟು ಬರೆಸೋ ರಿವ್ಯೂನ ಅದು ಒಪ್ಪಲ್ಲ. ಚೀಟಿಯ ಫೋಟೋ ತೆಗೆದು ಆ ಸೆಲ್ಲರ್ ಮೇಲೆ ಆ್ಯಪ್‌ನಲ್ಲೇ ರಿಪೋರ್ಟ್ ಮಾಡಿ.

ಇನ್ನೂ ದೊಡ್ಡ ಅಪಾಯ ಆ ವಾಟ್ಸಾಪ್ ನಂಬರ್‌ದು. ಕ್ಯಾಶ್‌ಬ್ಯಾಕ್ ಕಳಿಸ್ತೀವಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂದ್ರೆ ಅಲ್ಲಿಗೇ ನಿಲ್ಲಿಸಿ. ದುಡ್ಡು ಬರೋದಕ್ಕೆ ಯುಪಿಐ ಪಿನ್ ಯಾವತ್ತೂ ಬೇಕಿಲ್ಲ, ಪಿನ್ ಹಾಕಿದ್ರೆ ಹೋಗೋದು ನಿಮ್ಮ ದುಡ್ಡೇ. ಗೂಗಲ್‌ನಲ್ಲಿ ಹುಡುಕಿದಾಗ ಸಿಗೋ ‘ಕಸ್ಟಮರ್ ಕೇರ್’ ನಂಬರ್‌ಗಳದ್ದೂ ಎಷ್ಟೋ ಸಲ ಇದೇ ಕಥೆ, ನಂಬರ್ ಬೇಕಿದ್ರೆ ಆ್ಯಪ್ ಒಳಗಿಂದಲೇ ತಗೊಳ್ಳಿ. ಈಗಾಗ್ಲೇ ದುಡ್ಡು ಹೋಗಿದ್ರೆ ಮನೆಯವ್ರು ಬೈತಾರೆ ಅಂತ ಮುಚ್ಚಿಡ್ಬೇಡಿ, ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಟ್ರಾನ್ಸಾಕ್ಷನ್ ನಂಬರ್ ಕೊಡಿ. ಎಷ್ಟು ಬೇಗ ಹೇಳ್ತೀರೋ, ದುಡ್ಡು ಮುಂದಿನ ಖಾತೆಗೆ ಹೋಗೋ ಮುಂಚೆ ತಡೆ ಹಿಡಿಯೋ ಅವಕಾಶ ಅಷ್ಟು ಜಾಸ್ತಿ.