ಗೆಡ್ಡೆ ಆಪರೇಷನ್ ಆದ ಮೇಲೆ ಕೈ ನಡುಗುತ್ತಿದೆ, ಗೆಡ್ಡೆ ಮತ್ತೆ ಬಂತಾ?

ಶ್ರೀನಿವಾಸಪುರದಿಂದ ಕೇಳಿದ್ದೀರಿ: ಅಪ್ಪನಿಗೆ ಕಿರುಮೆದುಳಿನ ಬಲಭಾಗದ ಗೆಡ್ಡೆ ತೆಗೆದು ಮೂರು ತಿಂಗಳಾಗಿದೆ, ನೀರು ಕುಡಿಯುವಾಗ ಬಲಗೈ ನಡುಗುತ್ತೆ, ಗೆಡ್ಡೆ ಮತ್ತೆ ಬೆಳೆದಿದೆಯಾ ಅಂತ. ನಡುಕವೊಂದನ್ನೇ ನೋಡಿ ಹಾಗೆ ಹೇಳಲು ಬರುವುದಿಲ್ಲ. ನಡುಕ ಯಾವಾಗ ಶುರುವಾಯಿತು, ಹೇಗಿದೆ ಎಂಬುದೇ ಮುಖ್ಯ.

ಕಿರುಮೆದುಳಿನ ಬಲಭಾಗ ನೋಡಿಕೊಳ್ಳುವುದು ಬಲಗೈ, ಬಲಗಾಲನ್ನೇ. ತೊಡೆಯ ಮೇಲೆ ಸುಮ್ಮನಿರುವ ಕೈ, ಲೋಟ ತುಟಿಗೆ ಹತ್ತಿರವಾದಷ್ಟೂ ಜಾಸ್ತಿ ನಡುಗಿದರೆ ಅದು ಕಿರುಮೆದುಳಿನ ನಡುಕ. ಆಪರೇಷನ್ ಆದಾಗಿನಿಂದಲೂ ಇದ್ದು ಇಳಿಯುತ್ತಾ ಬಂದಿದ್ದರೆ ಒಳ್ಳೆಯ ಸೂಚನೆ. ತಿಂಗಳುಗಳಾದ ಮೇಲೆ ಹೊಸದಾಗಿ ಬಂದು, ಕೈ ಸುಮ್ಮನಿಟ್ಟಾಗಲೂ ನಿಧಾನವಾಗಿ, ದೊಡ್ಡದಾಗಿ ಅಲುಗಿದರೆ ಹೋಮ್ಸ್ ಟ್ರೆಮರ್ ಇರಬಹುದು. ಮೆದುಳುಕಾಂಡದ, ಅಂದರೆ ಮೆದುಳನ್ನು ಬೆನ್ನುಹುರಿಗೆ ಸೇರಿಸುವ ಭಾಗದ, ನರಮಾರ್ಗಕ್ಕೆ ಪೆಟ್ಟಾದಾಗ ಅದು ತಡವಾಗಿಯೇ ಕಾಣಿಸುತ್ತದೆ, ಕೆಲವರಿಗೆ ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಲೆವೊಡೋಪಾ ಔಷಧಿಯಿಂದ ತಗ್ಗುತ್ತದೆ.

ನಡುಕಕ್ಕೆ ಮಾತ್ರೆಗಳೂ ಕಾರಣವಿರಬಹುದು, ಅದನ್ನು ದಯವಿಟ್ಟು ಮರೆಯಬೇಡಿ. ಫಿಟ್ಸ್‌ಗೆ ಎಪ್ಟಾಯಿನ್, ಅಂದರೆ ಫೆನಿಟಾಯಿನ್, ಕೊಡುತ್ತಿದ್ದಾರಾ? ರಕ್ತದಲ್ಲಿ ಅದು ಮಿಲಿಲೀಟರಿಗೆ 10–20 ಮೈಕ್ರೋಗ್ರಾಂ ಇರಬೇಕು. ಲಿವರ್ ಅದನ್ನು ಕರಗಿಸುವುದಕ್ಕೆ ಮಿತಿಯಿದೆ, ಆದ್ದರಿಂದ ಡೋಸ್ ಸ್ವಲ್ಪ ಏರಿಸಿದರೂ ಮಟ್ಟ ದಿಢೀರನೆ ಏರಿಬಿಡುತ್ತದೆ. ಆಗ ಕುಡಿದವರ ಹಾಗೆ ತೂರಾಟ, ಮಾತು ತೊದಲು, ಕಣ್ಣುಗುಡ್ಡೆ ಅದುರುವುದು. ಬೆಳಗಿನ ಮಾತ್ರೆಗೆ ಮುಂಚೆ ರಕ್ತ ಕೊಟ್ಟು ಪರೀಕ್ಷೆ ಮಾಡಿಸಿ. ಫಿಟ್ಸ್‌ಗೇ ಕೊಡುವ ಇನ್ನೊಂದು ಮಾತ್ರೆ ವಾಲ್‌ಪ್ರೊಯೇಟ್ ಆದರೆ ಸಾಮಾನ್ಯವಾಗಿ ಎರಡೂ ಕೈ ಚಾಚಿದಾಗ ಸಣ್ಣಗೆ ನಡುಗುತ್ತವೆ. ಏನೇ ಇರಲಿ, ಫಿಟ್ಸ್ ಮಾತ್ರೆಯನ್ನಾಗಲಿ, ಮೆದುಳಿನ ಊತಕ್ಕೆ ಕೊಡುವ ಸ್ಟೀರಾಯ್ಡ್ ಡೆಕ್ಸಾಮೆಥಾಸೋನನ್ನಾಗಲಿ ನೀವೇ ನಿಲ್ಲಿಸಬೇಡಿ. ಮೊದಲನೆಯದು ನಿಂತರೆ ಫಿಟ್ಸ್ ಬರಬಹುದು, ಎರಡನೆಯದು ನಿಂತರೆ ಬಿಪಿ ಕುಸಿಯಬಹುದು.

ನಿಮ್ಹಾನ್ಸ್‌ಗೋ ಆಪರೇಷನ್ ಮಾಡಿದಲ್ಲಿಗೋ ಹೋಗುವ ಮುಂಚೆ ಮೊಬೈಲಿನಲ್ಲಿ ವಿಡಿಯೋ ಮಾಡಿ: ಕೈ ತೊಡೆಯ ಮೇಲೆ, ಚಾಚಿದಾಗ, ಬೆರಳು ಮೂಗಿಗೆ ಮುಟ್ಟಿಸುವಾಗ, ಲೋಟ ಎತ್ತುವಾಗ, ನಡೆಯುವಾಗ. ಹದಿನೈದು ಸೆಕೆಂಡು ಸಾಕು. ಜೊತೆಗೆ ಯಾವ ಮಾತ್ರೆ ಯಾವ ತಾರೀಕಿನಿಂದ ಎಂಬ ಪಟ್ಟಿ. ಒಪಿಡಿಯಲ್ಲಿ ಬಾಯಲ್ಲಿ ವಿವರಿಸುವುದಕ್ಕಿಂತ ಇದು ನೂರು ಪಾಲು ವಾಸಿ.

ಮನೆಯಲ್ಲಿ ಮೊಣಕೈ ಮೇಜಿಗೆ ಊರಿ, ಹಿಡಿಯಿರುವ ಲೋಟದಲ್ಲಿ ಅರ್ಧ ನೀರು ಕೊಡಿ. ನೀರು ಕುಡಿದರೆ ಕೆಮ್ಮು ಬರುತ್ತಿದೆಯಾ, ಧ್ವನಿ ಗೊರಗೊರ ಅನ್ನುತ್ತಿದೆಯಾ ಗಮನಿಸಿ. ಹಾಗಿದ್ದರೆ ನುಂಗುವ ಪರೀಕ್ಷೆ ಆಗುವವರೆಗೆ ಮುದ್ದೆ ಬೇಡವೇ ಬೇಡ. ಅಗಿಯದೆ ನುಂಗುವ ತುತ್ತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ತಲೆನೋವು, ವಾಂತಿ, ಮಂಪರು ಶುರುವಾಗಿ ನಡಿಗೆ ದಿನದಿಂದ ದಿನಕ್ಕೆ ಕೆಡುತ್ತಿದ್ದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಮೆದುಳಲ್ಲಿ ನೀರು ತುಂಬಿರಬಹುದು, ಅವತ್ತೇ ಸಿಟಿ ಸ್ಕ್ಯಾನ್ ಆಗಬೇಕು. ಮುಖ ಅಥವಾ ಕೈ ಒಂದೇ ತಾಳದಲ್ಲಿ ಎಳೆಯುತ್ತಾ, ಹಿಡಿದರೂ ನಿಲ್ಲದಿದ್ದರೆ ಅದು ಫಿಟ್ಸ್ ಇರಬಹುದು. ಎರಡಕ್ಕೂ 108ಕ್ಕೆ ಫೋನ್ ಮಾಡಿ.